ಕರ್ನಲ್ ತಿಂಡಿ ಮುಗಿಸುವ ತನಕ

“ಹೆಸರು ಮಾತ್ರ ಬೇಡ ದೊರೆ,” ಎಂದಳು ಮಿಸೆಸ್ ಕಾಟಲ್. “ಮನೇಲಿರಿ, ಕುದ್ರೆ ಕಟ್ಕೊಳ್ಳಿ, ಬೆಳ್ಳಿ ತಟ್ಟೇಲಿ ಉಣ್ಣಿ. ಆ ಹೆಸರಿಗೆ ಮಾತ್ರ ಸಹಿ ಹಾಕ್ಬೇಡಿ.”

ಕ್ಯಾಪ್ಟನ್ ರೂಪರ್ಟ್ ಫೇನ್ ಕೆಸರು ಮೆತ್ತಿದ ಬೂಟುಗಳನ್ನು ಬೆಂಕಿಯ ಕಡೆ ಚಾಚಿಕೊಂಡು ನಕ್ಕ. “ಯಾಕಜ್ಜಿ, ಹೆಸರು ಕಚ್ಚುತ್ತಾ?”

“ಕಚ್ಚೋದಾಗಿದ್ರೆ ಕಟ್ಟಿಹಾಕ್ಬೋದಿತ್ತು. ಇದು ಹೊಡಿಯುತ್ತೆ.”

ಕಿಟಕಿಯ ಪಕ್ಕ ಕೂತಿದ್ದ ಅವನ ಹೆಂಡತಿ ಹ್ಯಾರಿಯೆಟ್ ಹೊಲಿಗೆ ನಿಲ್ಲಿಸಿ ತಲೆ ಎತ್ತಿದಳು. ಅವಳು ಏಳು ತಿಂಗಳ ಬಸುರಿ. ಪಾದ್ರಿಯ ಮಗಳು, ದೆವ್ವ ಭೂತಗಳಿಗೆ ಹೆದರಿದವಳಲ್ಲ. ಆದರೆ ಆ ಮನೆವಾಳ್ತೆಯ ಮುದುಕಿ ಬಾಗಿಲ ಚೌಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡಿದ್ದುದನ್ನು ನೋಡಿದಳು. ನಾಟಕ ಆಡುವವರು ಹಾಗೆ ಹಿಡಿದುಕೊಳ್ಳುವುದಿಲ್ಲ.

ಮುದುಕಿ ಹೋದ ಮೇಲೂ ರೂಪರ್ಟ್ ನಗುತ್ತಲೇ ಇದ್ದ. ಕ್ರಿಮಿಯಾದ ಯುದ್ಧದಿಂದ ಅವನು ಒಂದು ಪದಕವನ್ನೂ ಕುಂಟು ಕಾಲನ್ನೂ ತಂದಿದ್ದ. ತಾಯಿ ಮಾರ್ವುಡ್ ಮನೆತನದವಳು. ಅಪ್ಪನ ಕಡೆಯ ಫೇನ್‌ಗಳು ಮೂರು ತಲೆಮಾರಿನ ಹಿಂದೆ ಉಣ್ಣೆ ಮಾರುತ್ತಿದ್ದವರು. ಅದು ಅವನಿಗೆ ಚುಚ್ಚುತ್ತಿತ್ತು. ಈಗ ತಾಯಿಯ ಅಣ್ಣನ ಮಗ ಬೇಸಿಲ್ ಮಾರ್ವುಡ್ ಮಕ್ಕಳಿಲ್ಲದೆ ಸತ್ತಿದ್ದ. ಸಾಮರ್ಸೆಟ್ಟಿನ ಈ ಮನೆ, ಹದಿನಾಲ್ಕು ಒಕ್ಕಲುಮನೆಗಳು, ಸೇಬಿನ ತೋಟ ಎಲ್ಲವೂ ರೂಪರ್ಟನದೇ. ಷರತ್ತು ಒಂದೇ. ಅಪ್ಪನ ಹೆಸರು ಬಿಟ್ಟು ಮಾರ್ವುಡ್ ಎಂಬ ಹೆಸರನ್ನೂ ವಂಶದ ಲಾಂಛನವನ್ನೂ ಧರಿಸಬೇಕು. ರಾಣಿಯ ಮೊಹರು ಬಿದ್ದ ಅಪ್ಪಣೆ ಲಂಡನ್ನಿನಿಂದ ಬಂದಾಗಿತ್ತು. ದೊಡ್ಡ ಮನೆತನಗಳಲ್ಲಿ ಇದು ಮಾಮೂಲು: ರಕ್ತ ಬತ್ತಿದರೂ ಹೆಸರು ಬತ್ತಬಾರದು.

“ಚರ್ಚಿನಲ್ಲಿ ಮಾರ್ವುಡ್‌ಗಳ ಸಮಾಧಿ ಕಲ್ಲುಗಳನ್ನ ನೋಡಿದ್ರಾ?” ಹ್ಯಾರಿಯೆಟ್ ಕೇಳಿದಳು. “ಕರ್ನಲ್ ಗಾಡ್‌ಫ್ರೀ, ಗಾಯಗಳಿಂದ ತೀರಿಕೊಂಡರು. ಬೇಸಿಲ್, ಗಾಯಗಳಿಂದ ತೀರಿಕೊಂಡರು. ಬೇಸಿಲ್ ಯಾವ ಯುದ್ಧಕ್ಕೆ ಹೋಗಿದ್ದ?”

“ಕುದುರೆಯಿಂದ ಬಿದ್ದ.”

“ಸ್ನಾನದ ತೊಟ್ಟಿಯಲ್ಲಿ ಸತ್ತ ಅಂದ್ರು ಆಳುಗಳು. ತೊಟ್ಟಿಯೊಳಗೆ ಕುದುರೆ ಎಲ್ಲಿಂದ ಬಂತು?”

“ನೀನು ವಕೀಲಳಾಗ್ಬೇಕಿತ್ತು ಕಣೆ.” ಅವನು ಎದ್ದು ಬಂದು ಅವಳ ಹೊಟ್ಟೆಯ ಮೇಲೆ ಕೈಯಿಟ್ಟ. “ಇವನು ಉಣ್ಣೆ ಮಾರೋರ ವಂಶದೋನು ಅನ್ನಿಸ್ಕೋಬೇಕಾ? ಮಾರ್ವುಡ್ ಅಂದ್ರೆ ರೆಜಿಮೆಂಟಿನಲ್ಲಿ ಕರ್ನಲ್‌ಗಳೂ ಎದ್ದು ನಿಲ್ತಾರೆ.”

“ನನಗೆ ಇವನು ಬದುಕಿದ್ರೆ ಸಾಕು. ಯಾರೂ ಎದ್ದು ನಿಲ್ಲೋದು ಬೇಡ.”

“ಮೂಢರ ಮಾತು ಕೇಳಿ ಆಸ್ತಿ ಬಿಡ್ತಾರಾ ಯಾರಾದ್ರೂ?”

ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ವಕೀಲ ಸೆಲ್ವಿನ್ ಬಂದ. ಒದ್ದೆ ಕೊಡೆ, ಹೊಸ ಅರಗಿನ ವಾಸನೆ. ರೂಪರ್ಟ್ ಒಂದೇ ಎಳೆತಕ್ಕೆ ಸಹಿ ಹಾಕಿದ. ತಾನು, ತನ್ನ ಹೆಂಡತಿ, ತನಗೆ ಹುಟ್ಟುವ ಮಕ್ಕಳು, ಎಲ್ಲರೂ ಇಂದಿನಿಂದ ಮಾರ್ವುಡ್. ಹ್ಯಾರಿಯೆಟ್ಟಿನ ಸಹಿಯನ್ನು ಯಾರೂ ಕೇಳಲಿಲ್ಲ. ಹೆಂಗಸಿನ ಹೆಸರು ಗಂಡನ ಕೋಟಿನ ಗುಂಡಿಯಂತೆ. ಕೋಟು ಎಲ್ಲಿ ಹೋದರೆ ಅದೂ ಅಲ್ಲಿ.

ಶಾಯಿ ಆರುವ ಮೊದಲೇ ರೂಪರ್ಟ್ ಕೂಗಿದ. “ಎಲ್ಲಾ ಆಳುಗಳೂ ಅಡುಗೆಮನೆಗೆ ಬರ್ಲಿ. ಸಾಲಾಗಿ ನಿಲ್ಲಲಿ. ಹೆಸರಿಗೆ ಮಾಟ ಅಂತಾಳಲ್ಲ ಆ ಅಜ್ಜಿ, ಅದು ಎಲ್ಲಿದೆ ಅಂತ ತೋರಿಸ್ಲಿ. ಇವತ್ತೇ ಸುಟ್ಟುಹಾಕ್ತೀನಿ.”

ಅಧಿಕಾರ ಚಲಾಯಿಸುವವರಿಗೆ ಯಾವತ್ತೂ ನೋಡುವ ಕಣ್ಣುಗಳು ಬೇಕು.

ಅಡುಗೆಮನೆ ಒಂದು ಗುಹೆ. ಎತ್ತೊಂದನ್ನು ಇಡಿಯಾಗಿ ಬೇಯಿಸುವಷ್ಟು ದೊಡ್ಡ ಒಲೆ. ನಡುಹಗಲಲ್ಲೂ ಅದರ ಹೊಗೆಗೂಡಿನೊಳಗೆ ಕಗ್ಗತ್ತಲು. ಹಳೇ ಕೊಬ್ಬಿನ ಕಮಟು, ಮಸಿ, ಹುಳಿಯೇರಿದ ಸೇಬಿನ ವಾಸನೆ. ಒಂಬತ್ತು ಜನ ಆಳುಗಳು ಗೋಡೆಗಂಟಿ ನಿಂತರು. ಹ್ಯಾರಿಯೆಟ್ಟೂ, ಕಾಗದದ ಚೀಲ ಕಂಕುಳಲ್ಲಿಟ್ಟುಕೊಂಡ ವಕೀಲನೂ ಹಿಂದೆಯೇ ಬಂದರು.

“ಹೇಳು,” ಎಂದ ರೂಪರ್ಟ್. “ಬೇಗ ಹೇಳು, ಹಸಿವಾಗ್ತಿದೆ.”

ಮಿಸೆಸ್ ಕಾಟಲ್ ನೆಲ ನೋಡುತ್ತ ಹೇಳಿದಳು. “ಐವತ್ತು ವರ್ಷದ ಹಿಂದೆ ನಾನಿಲ್ಲಿ ಪಾತ್ರೆ ತೊಳೀತಿದ್ದೆ ದೊರೆ. ನಿಮ್ಮ ತಾತ ಕರ್ನಲ್ ಗಾಡ್‌ಫ್ರೀಯವರ ದಂಡು ಈ ಅಂಗಳದಾಗೇ ಬೀಡು ಬಿಟ್ಟಿತ್ತು. ಡಾರ್ಕಸ್ ಅಂತ ಅಡುಗೆಯಾಕೆ. ಅವಳ ಒಬ್ಬನೇ ಮಗ ಏಬೆಲ್ ಆ ದಂಡಿನಾಗೆ ಸಿಪಾಯಿ. ಚಳಿ ತಡೀದೆ, ಅಪ್ಪಣೆ ಕೇಳ್ದೆ ಬಂದು ಅವ್ವನ ಕೈಲಿ ಒಂದು ಬಟ್ಟಲು ಸಾರು ಕುಡ್ದ. ಅದಕ್ಕೆ ಏಳ್ನೂರು ಏಟು.”

“ಏಳ್ನೂರಾ? ನಮಗೆ ಈಗ ಐವತ್ತಕ್ಕೆ ಮೇಲೆ ಬಿಡಲ್ಲ. ತಾತ ಅದೃಷ್ಟವಂತ.”

ಮುದುಕಿ ನೆಲದಿಂದ ಕಣ್ಣೆತ್ತದೆ ಮುಂದುವರಿಸಿದಳು.

“ಮೂರು ಈಟಿ ಮುಕ್ಕಾಲಿ ಥರ ಕಟ್ಟಿ, ಅದಕ್ಕೆ ಅವನನ್ನ ಬಿಗಿದ್ರು. ಒಂದು ನಗಾರಿ ಪೆಟ್ಟು, ಒಂಬತ್ತೆಳೆ ಚಾಟಿಯ ಒಂದು ಏಟು. ಇನ್ನೂರಾಗೋ ಹೊತ್ತಿಗೆ ಕರ್ನಲ್‌ಗೆ ಹಸಿವಾಯ್ತು. ತಿಂಡಿಗೆ ಅಂತ ಒಳಗೆ ಬಂದ್ರು. ಬಡಿಸಿದ್ದು ಡಾರ್ಕಸ್ಸೇ. ಕಾಲು ಹಿಡ್ಕೊಂಡ್ಲು. ‘ಮೊದಲು ಮೊಟ್ಟೆ ತಾ’ ಅಂದ್ರು. ಕಿಟಕಿಯಾಚೆ ಏಟು ಬೀಳ್ತಾನೇ ಇತ್ತು. ಕರ್ನಲ್ ಬಿಟ್ಟು ಬೇರೆ ಯಾರೂ ಸಾಕು ಅನ್ನೋ ಹಾಗಿಲ್ಲ. ವೈದ್ಯ ಓಡಿಬಂದು ಬಾಗಿಲಲ್ಲಿ ನಿಂತ. ಕರ್ನಲ್ ಪೇಪರ್ ಓದ್ತಾ ಎರಡನೇ ಕಪ್ ಚಹಾ ಕುಡೀತಿದ್ರು. ಎದ್ದು ಹೋದಾಗ ಹೊಡೀತಿದ್ದಿದ್ದು ಹೆಣಕ್ಕೆ.”

ಹ್ಯಾರಿಯೆಟ್ ಎರಡೂ ಕೈಗಳನ್ನು ಹೊಟ್ಟೆಯ ಮೇಲೆ ಇಟ್ಟುಕೊಂಡಳು.

“ಅವತ್ತೇ ಡಾರ್ಕಸ್ ಎತ್ತಿನ ಎದೆಗುಂಡಿಗೆ ತಗೊಂಡು, ಬೇಲಿಯ ಕರಿಮುಳ್ಳು ಚುಚ್ಚಿ, ಈ ಹೊಗೆಗೂಡಿನಾಗೆ ಕಟ್ಟಿದ್ಲು. ಮಾರ್ವುಡ್ ಅನ್ನಿಸ್ಕೊಂಡು ಈ ಮನೆಗೆ ದೊರೆಯಾಗೋ ಪ್ರತಿಯೊಬ್ಬನಿಗೂ ನನ್ನ ಮಗನ ಏಟು ಬೀಳ್ಲಿ ಅಂದ್ಲು. ಆಮೇಲೆ ಅಲ್ಲೇ ಆ ಕೊಕ್ಕೆಗೆ ನೇಣು ಹಾಕ್ಕೊಂಡ್ಲು.”

“ಎಂಥಾ ಸಾರು ಮಾಡಿದ್ಲೋ,” ಎಂದು ರೂಪರ್ಟ್ ಕಬ್ಬಿಣದ ಸಲಾಕೆ ಹಿಡಿದು ಹೊಗೆಗೂಡಿನೊಳಗೆ ತಡಕಾಡಿದ. ಮಸಿ ಸುರಿಯಿತು. ಏನೋ ಒಂದು ಧೊಪ್ಪನೆ ಬಿತ್ತು.

ಮುಷ್ಟಿಗಿಂತ ದೊಡ್ಡದು. ಕಲ್ಲಿದ್ದಲಿನಷ್ಟು ಕಪ್ಪು. ಮೈತುಂಬ ಮುಳ್ಳು. ಐವತ್ತು ವರ್ಷ ಹೊಗೆ ಕುಡಿದದ್ದು ಒಣಗಿ ತೊಗಲಾಗಬೇಕಿತ್ತು. ಬಿದ್ದ ಜಾಗದಲ್ಲಿ ಕಲ್ಲಿನ ಮೇಲೆ ತೇವ ಹರಡಿತು. ಕೆಂಪು ತೇವ. ಕಸಾಯಿಖಾನೆಯ ವಾಸನೆ.

“ರೂಪರ್ಟ್, ಮುಟ್ಟಬೇಡಿ,” ಎಂದಳು ಹ್ಯಾರಿಯೆಟ್.

ಅವನು ಬೂಟಿನ ತುದಿಯಿಂದ ಅದನ್ನು ಬೆಂಕಿಗೆ ಒದ್ದ.

ಅದು ಉರಿಯಲಿಲ್ಲ. ಮಿಡಿಯಿತು. ಒಂದು ಸಲ. ಮತ್ತೊಂದು ಸಲ. ಧಂ. ಧಂ. ಸದ್ದು ಒಲೆಯಿಂದ ಗೋಡೆಗೆ, ಗೋಡೆಯಿಂದ ಎಲ್ಲರ ಎದೆಗೂಡಿಗೆ ಹತ್ತಿತು. ಅದು ಗುಂಡಿಗೆಯ ಸದ್ದಲ್ಲ. ನಗಾರಿ.

ರೂಪರ್ಟನ ಎರಡು ಕೈಗಳೂ ತಾವಾಗಿ ಮೇಲೆದ್ದವು. ಮಣಿಕಟ್ಟುಗಳನ್ನು ಯಾರೋ ಹುರಿಯಿಂದ ಬಿಗಿದಂತೆ ಚರ್ಮ ಒಳಸರಿಯಿತು. ಕಾಲುಗಳು ಅಗಲವಾದವು. ಏನೂ ಇಲ್ಲದ ಜಾಗದಲ್ಲಿ, ಗಾಳಿಗೆ ಕಟ್ಟಿಹಾಕಿದಂತೆ ನೇತುಬಿದ್ದ.

“ಇದೇನಿದು,” ಎಂದ. ದನಿಯಲ್ಲಿ ಇನ್ನೂ ಸಿಟ್ಟಿತ್ತು, ಭಯವಿರಲಿಲ್ಲ. “ಯಾರು ಹಿಡ್ಕೊಂಡಿರೋದು? ಬಿಡು.”

ಧಂ.

ಕೋಟು ಸೀಳಿತು. ಹೆಗಲಿನಿಂದ ಸೊಂಟದವರೆಗೆ ಒಂಬತ್ತು ಗೀರು. ಧಂ. ಅಂಗಿ ಚಿಂದಿಯಾಗಿ ಹಾರಿತು. ಧಂ. ಚರ್ಮ ಎದ್ದಿತು. ರಕ್ತದ ಹನಿಗಳು ಬಂದು ಸಾಲಿನಲ್ಲಿ ನಿಂತಿದ್ದವರ ಮುಖಕ್ಕೆ, ತಾಮ್ರದ ಪಾತ್ರೆಗಳಿಗೆ ಸಿಡಿದವು. ಕೆಲಸದ ಹುಡುಗಿಯೊಬ್ಬಳು ಅಪ್ರಾನಿನಲ್ಲಿ ಮುಖ ಮುಚ್ಚಿಕೊಂಡು ಕುಸಿದಳು. ವಕೀಲ ಸೆಲ್ವಿನ್ ಬಾಗಿಲ ಕಡೆಗೆ ಓಡಿದ. ಬಾಗಿಲು ತೆರೆಯಲಿಲ್ಲ.

ಹ್ಯಾರಿಯೆಟ್ ಗಂಡನನ್ನು ತಬ್ಬಿ ಎಳೆದಳು. ಬಂಡೆಯನ್ನು ಎಳೆದಂತಿತ್ತು. ಮುಂದಿನ ಏಟು ಅವಳ ತೋಳನ್ನು ತಾಗದೆ, ತೋಳಿನ ಅಡಿಯಲ್ಲಿದ್ದ ಅವನ ಬೆನ್ನನ್ನು ಮಾತ್ರ ಬಗೆಯಿತು. ಅಂಗೈಗೆ ಬಿಸಿ ಮಾಂಸ ಸಿಕ್ಕಿತು. ಅದರ ಕೆಳಗೆ ಗಟ್ಟಿಯಾದದ್ದು. ಪಕ್ಕೆಲುಬು.

“ನಿಲ್ಲಿಸು ಅಜ್ಜಿ. ಹೇಗಾದ್ರೂ ನಿಲ್ಲಿಸು.”

“ನನ್ನ ಕೈಲಿಲ್ಲಮ್ಮಾ.” ಮುದುಕಿ ಗೋಡೆಗೆ ಒರಗಿ ಅಳುತ್ತಿದ್ದಳು. “ಮಾರ್ವುಡ್ ಒಬ್ಬರ ಬಾಯಿಂದ ‘ಸಾಕು’ ಅಂತ ಬರ್ಬೇಕು. ಅಷ್ಟೇ ದಾರಿ.”

“ಸಾಕು,” ರೂಪರ್ಟ್ ಕಿರುಚಿದ. “ಸಾಕು, ಸಾಕು.”

ಧಂ.

“ಕಟ್ಟಿಹಾಕಿಸ್ಕೊಂಡೋನ ಮಾತು ನಡಿಯಲ್ಲ ದೊರೆ. ದಂಡಿನಲ್ಲಿ ನಡೀತಿತ್ತಾ?”

ನಡೆಯುತ್ತಿರಲಿಲ್ಲ. ಅದು ರೂಪರ್ಟನಿಗೆ ಆ ಮನೆಯಲ್ಲಿದ್ದ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು.

ಹ್ಯಾರಿಯೆಟ್ ಅವನನ್ನು ಬಿಟ್ಟು ನೆಟ್ಟಗೆ ನಿಂತಳು. ಬೆಳಿಗ್ಗೆ ಹನ್ನೊಂದರಿಂದ ತಾನೂ ಮಾರ್ವುಡ್. ಬಾಯಿ ತೆರೆದಳು. ಮಿಸೆಸ್ ಕಾಟಲ್ ಮುಂದೆ ಬಿದ್ದು ಅವಳ ಬಾಯಿಗೆ ಕೈ ಅಡ್ಡ ಇಟ್ಟಳು.

“ಕೇಳಿಸ್ಕೊಂಡು ಆಮೇಲೆ ಹೇಳಿ ಅಮ್ಮಾವ್ರೇ. ಬೇಸಿಲ್ ದೊರೆಯ ಅವ್ವ ಗಂಡನಿಗೋಸ್ಕರ ಆ ಮಾತು ಹೇಳಿದ್ರು. ಆವಾಗ ಅವರಿಗೂ ನಿಮ್ಮಂಗೇ ತುಂಬಿತ್ತು, ಬೇಸಿಲ್ ಹುಟ್ಟೋಕೆ ಮುಂಚೆ. ಗಂಡ ಉಳ್ಕೊಂಡ್ರು. ಏಟು ನಿಲ್ಲಲ್ಲ, ಹೇಳಿದೋರ ಕಡೆಗೆ ತಿರುಗುತ್ತೆ. ಹೆಣ್ಣನ್ನ ಅದು ಮುಟ್ಟಲ್ಲ. ಒಳಗಿರೋ ಮಾರ್ವುಡ್ ಮರೀನ ಮುಟ್ಟುತ್ತೆ. ಮೂರನೇ ದಿನ ಹೆರಿಗೆಯಾಯ್ತು. ಎತ್ಕೊಂಡಿದ್ದು ನಾನು. ಅಂಗೈಯಗಲದ ಬೆನ್ನಿನಾಗೆ ಒಂದು ಚೂರು ತೊಗಲಿರ್ಲಿಲ್ಲ.”

ಧಂ.

ಹ್ಯಾರಿಯೆಟ್ ಗಂಡನ ಮುಖದ ಕಡೆಗೆ ಹೋದಳು. ಅವನ ಕಣ್ಣುಗಳು ಮೇಲೆ ಸರಿದಿದ್ದವು. ತುಟಿ ಕಚ್ಚಿ ತೂತಾಗಿತ್ತು. ಈ ಮುಖವನ್ನು ಅವಳು ಪ್ರೀತಿಸಿದ್ದಳು. ಯುದ್ಧದಿಂದ ಕಾಗದ ಬಾರದ ಹನ್ನೊಂದು ವಾರ ಊಟ ಬಿಟ್ಟಿದ್ದಳು.

“ಹೇಳು,” ಎಂದ ಅವನು. “ಹ್ಯಾರಿಯೆಟ್, ಹೇಳೇ.”

“ಕೂಸು, ರೂಪರ್ಟ್. ಕೇಳಿದ್ರಲ್ಲ. ಕೂಸು ಹೋಗುತ್ತೆ.”

ಧಂ. ಅವನ ತಲೆ ಹಿಂದಕ್ಕೆ ಎಗರಿತು. ಮತ್ತೆ ಮುಂದೆ ಬಿತ್ತು. ಬಾಯಿಂದ ಜೊಲ್ಲೂ ರಕ್ತವೂ ಇಳಿಯುತ್ತಿದ್ದವು. ಅದರ ನಡುವಿನಿಂದ ಮಾತು ಸ್ಪಷ್ಟವಾಗಿಯೇ ಬಂತು.

“ಇನ್ನೊಂದು ಹುಟ್ಟುತ್ತೆ.”

ಹ್ಯಾರಿಯೆಟ್ ಅವನ ಮುಖದಿಂದ ಒಂದು ಹೆಜ್ಜೆ ಹಿಂದೆ ಸರಿದಳು.

“ಹೇಳು. ಇದು ಆಜ್ಞೆ. ಕಿವಿ ಕೇಳಿಸಲ್ವಾ ನಿನಗೆ? ಇನ್ನೊಂದು ಹುಟ್ಟುತ್ತೆ ಅಂದ್ನಲ್ಲ.”

ಅವಳು ಬಾಯಿ ಮುಚ್ಚಿದಳು.

ಮುಚ್ಚಿದ್ದು ಸುಲಭವಾಗಿರಲಿಲ್ಲ. ಆ ಮಾತು ನಾಲಿಗೆಯ ತುದಿಯಲ್ಲೇ ಕೂತಿತ್ತು. ಎರಡೇ ಅಕ್ಷರ. ಪ್ರತಿ ಏಟಿಗೂ ಅದು ತಾನಾಗಿ ಹೊರಗೆ ನುಗ್ಗುತ್ತಿತ್ತು. ಅವಳು ತನ್ನ ಬಲಗೈಯ ಕಿರುಬೆರಳ ಕಡೆಯ ಅಂಚನ್ನು ಬಾಯಿಗೆ ತುರುಕಿಕೊಂಡು ಕಚ್ಚಿದಳು. ಧಂ. ಇನ್ನೂ ಕಚ್ಚಿದಳು. ಅವನು ಬೈದ. ಅವಳಪ್ಪನನ್ನು ಬೈದ. ಧಂ. ಬೇಡಿಕೊಂಡ. ಧಂ. ಅಮ್ಮನನ್ನು ಕರೆದ. ಹಲ್ಲಿಗೆ ಮೂಳೆ ತಾಗಿತು. ಬಾಯಿ ತುಂಬ ಉಪ್ಪು. ಧಂ. ಬೆನ್ನೆಂಬುದು ಇರಲಿಲ್ಲ. ಬಿಳಿ ಕಾಣುತ್ತಿತ್ತು. ಧಂ. ಅವನು ಮಾತು ನಿಲ್ಲಿಸಿದ. ಏಟು ನಿಲ್ಲಲಿಲ್ಲ. ಹೆಣಕ್ಕೂ ಬಿತ್ತು, ಬಹಳ ಹೊತ್ತು, ಒಬ್ಬ ಮನುಷ್ಯ ಆರಾಮಾಗಿ ಕೂತು ಎರಡು ಮೊಟ್ಟೆ ತಿಂದು, ಪೇಪರ್ ಮಡಿಚಿಟ್ಟು, ಎರಡನೇ ಕಪ್ ಚಹಾ ಮುಗಿಸುವಷ್ಟು ಹೊತ್ತು.

ಆಮೇಲೆ ಹುರಿ ಬಿಚ್ಚಿದಂತೆ ಅವನು ಕೆಳಗೆ ಬಿದ್ದ.

ಬಾಗಿಲು ತೆರೆದುಕೊಂಡಿತು. ಹೊರಗೆ ಜಿನುಗು ಮಳೆ, ಹಗಲಿನ ಬೂದು ಬೆಳಕು. ಹ್ಯಾರಿಯೆಟ್ ಬಾಯಿಂದ ಕೈ ತೆಗೆದಳು. ಕಿರುಬೆರಳು ಜೊತೆಗೆ ಬರಲಿಲ್ಲ. ಅದನ್ನು ಉಗುಳಿ, ಗೋಡೆ ಹಿಡಿದುಕೊಂಡು ನಡೆದಳು. ರಕ್ತ ಸಿಡಿದ ಮುಖದ ಆಳುಗಳು ಎರಡು ಸಾಲಾಗಿ ದಾರಿ ಬಿಟ್ಟರು.

“ಮಿಸೆಸ್ ಮಾರ್ವುಡ್,” ವಕೀಲ ಸೆಲ್ವಿನ್ ಮೆಟ್ಟಿಲ ಮೇಲಿಂದ ಕರೆದ. “ಮಿಸೆಸ್ ಮಾರ್ವುಡ್, ಹುಟ್ಟೋದು ಗಂಡಾದ್ರೆ ಇದೆಲ್ಲಾ ಅವನದೇ. ಹೆಸರೊಂದು ಉಳಿಸ್ಕೊಂಡ್ರೆ ಆಯ್ತು.”

ಅವಳು ಅವನ ಕಂಕುಳಲ್ಲಿದ್ದ ಚರ್ಮದ ಚೀಲವನ್ನು ಕಿತ್ತುಕೊಂಡಳು. ಹಿಂದಿರುಗಿ ಬಂದು, ಗಂಡನ ಹೆಣವನ್ನು ದಾಟಿ, ಮೊಹರಿನ ಕಾಗದವನ್ನು ಚೀಲದ ಸಮೇತ ಒಲೆಗೆ ಹಾಕಿದಳು. ಅರಗು ಕರಗಿ ಹರಿಯುವ ತನಕ ಅಲ್ಲೇ ನಿಂತಿದ್ದಳು.