ಟಿಟ್ಟಿಭ ಮೊಟ್ಟೆಯಿಟ್ಟ ನೆಲ

ಅಜ್ಜಂಪುರದ ಕಡೆಯ ನಮ್ಮೂರಲ್ಲಿ ಮಳೆಯ ವಿಚಾರಕ್ಕೆ ಟೀವಿಗಿಂತ ಟಿಟ್ಟಿಭವನ್ನೇ ನಂಬುತ್ತಾರೆ. ಆ ಹಕ್ಕಿ ಗೂಡು ಕಟ್ಟದೆ ಬರೀ ನೆಲದ ಮೇಲೆ ಮೊಟ್ಟೆಯಿಡುತ್ತದೆ. ದಿಬ್ಬದಲ್ಲಿಟ್ಟರೆ ಕೆರೆ ತುಂಬುತ್ತದೆ, ಕೆರೆಯಂಗಳದಲ್ಲಿಟ್ಟರೆ ತುಂಬುವುದಿಲ್ಲ ಎಂದು ಲೆಕ್ಕ.

ಹೋದ ವರ್ಷ ಅದು ಒಣಗಿದ ಕೆರೆಯ ನಡುವೆಯೇ ಇಟ್ಟಿತ್ತು. ನನ್ನ ಮೈದುನ ಕಲ್ಲೇಶ ಪದ್ಧತಿಯಂತೆ ಮೊಟ್ಟೆಯ ಸುತ್ತ ಒಂದು ಮಾರು ನೆಲವನ್ನು ಉಳದೆ ಬಿಟ್ಟು, ಕಲ್ಲು ಜೋಡಿಸಿ, ಉಳಿದ ಅಂಗಳಕ್ಕೆ ಸೌತೆ ಬೀಜ ಹಾಕಿದ.

"ಮೋಡ ನೋಡು ಕಲ್ಲೇಶ, ಯಾಕೋ ಧೈರ್ಯ ಬರ್ತಿಲ್ಲ," ಎಂದೆ.

"ಹಕ್ಕಿ ಯಾವತ್ತೂ ಸುಳ್ಳೇಳಲ್ಲ ಕಣತ್ತಿಗೆ."

ಬಳ್ಳಿ ಹೂ ಬಿಡುವ ಹೊತ್ತಿಗೆ ಎಲ್ಲೋ ಮೇಲೆ ಸುರಿದ ಮಳೆಯ ನೀರು ಒಂದೇ ಮಧ್ಯಾಹ್ನದಲ್ಲಿ ಕೆರೆಗೆ ನುಗ್ಗಿತು. ಬಳ್ಳಿಗೆ ನೀರು ಹಾಯಿಸಲು ಅಂಗಳದಲ್ಲಿಟ್ಟಿದ್ದ ಪಂಪ್‌ಸೆಟ್ ತರಲು ಇಳಿದ ಕಲ್ಲೇಶ ಮೇಲೆ ಬರಲಿಲ್ಲ. ಹೆಣವೂ ಸಿಗಲಿಲ್ಲ.

ಆಮೇಲೆ ಬಟ್ಟೆ ಒಗೆಯಲು ಹೋದಾಗೆಲ್ಲ ತುಂಬಿದ ಕೆರೆಯ ನಡುವಿನಿಂದ ಟಿಟ್ಟಿಭ ಕೂಗುತ್ತಿತ್ತು. ನೀರಿನ ಮೇಲೆ ಹಕ್ಕಿ ಮಾತ್ರ ಕಾಣುತ್ತಿರಲಿಲ್ಲ. ಒಗೆದು ಹಿಂಡಿದ ಬಟ್ಟೆಯಲ್ಲಿ ಒಣ ಧೂಳಿನ ವಾಸನೆ.

"ದಡದಲ್ಲೆಲ್ಲೋ ಐತೆ, ಸುಮ್ನೆ ಒಗಿ," ಎನ್ನುತ್ತಿದ್ದರು ಅತ್ತೆ. ಅವರೂ ಆ ಕಡೆ ತಿರುಗುತ್ತಿರಲಿಲ್ಲ.

ಈ ಬೇಸಿಗೆಯಲ್ಲಿ ನೀರು ಇಳಿಯಿತು. ಮೊಣಕಾಲುದ್ದದ ಹೂಳಿನಲ್ಲಿ ನಾನೇ ಮೊದಲು ನಡೆದು ಹೋದೆ. ಬೇರೆ ಯಾರ ಹೆಜ್ಜೆಯೂ ಇರಲಿಲ್ಲ. ಕಲ್ಲು ಜೋಡಿಸಿದ್ದ ಆ ಒಂದು ಮಾರು ನೆಲ ಬಿಳುಚಿಕೊಂಡು ಬಿರುಕು ಬಿಟ್ಟಿತ್ತು, ಗಾಳಿಗೆ ಧೂಳೇಳುತ್ತಿತ್ತು. ಮೊಟ್ಟೆಗಳು ಇಟ್ಟಲ್ಲೇ ಇದ್ದವು. ಮುಟ್ಟಿದೆ, ಬೆಚ್ಚಗಿದ್ದವು.

ಕಲ್ಲಿನ ಪಕ್ಕದಲ್ಲಿ ಒಂದು ಸೌತೆ ಬಳ್ಳಿ ಹಸಿರಾಗಿತ್ತು. ಯಾರೋ ಆಗಷ್ಟೇ ಕಾಯಿ ಕಿತ್ತ ತೊಟ್ಟಿನಲ್ಲಿ ಇನ್ನೂ ನೀರು ಜಿನುಗುತ್ತಿತ್ತು.