ಬಾಯಿ ಬಿಡದ ರೇಡಿಯೋ

"ಹೆಲಿಕಾಪ್ಟರ್ ರೇಡಿಯೋದ ಲಾಕನ್ನೇ ನಾನು ಒಂದು ಸೀನಿನಲ್ಲಿ ತೆಗೆದವ. ಆಕ್ಷೀ ಅಂದೆ, ಟಕ್ ಅಂತ ಓಪನ್ ಆಯ್ತು. ಪೈಲಟ್ ಬಂದು ಕಾಲಿಗೆ ಬಿದ್ದ, ಗೊತ್ತುಂಟಾ?"

"ಯಾರ ಕಾಲಿಗೆ?"

"ನನ್ನ ಕಾಲಿಗೇ ಮತ್ತೆ!"

ಚಿತ್ರಾ ನಗಲಿಲ್ಲ. ಕಾರಿನ ಮುಂದಿನ ಸೀಟಿನಲ್ಲಿ ಕುಳಿತು ರೇಡಿಯೋದ ಬಟನ್ ಒತ್ತುತ್ತಿದ್ದಳು. ಅಭಿಲಾಷ್ ಹೊರಗಿನಿಂದ ಕಿಟಕಿಗೆ ಜೋತುಬಿದ್ದಿದ್ದ.

"ಹಾಗಾದ್ರೆ ಇದನ್ನೂ ಸೀನಿ ತೆಗಿ ಮಾರಾಯ."

"ಈಗ ನಂಗೆ ಶೀತ ಇಲ್ಲ."

ಅದು ಚಿತ್ರಾಳ ಅಪ್ಪ, ಅಂದರೆ ಅಭಿಯ ಸೋದರಮಾವ ಅಶೋಕ್ ಕೊಂಡ ಹಳೇ ಕಾರು. ಎಷ್ಟು ಹಳೆಯದೆಂದರೆ, ಭೀಮ ಓಡಿಸಿ ಸಾಕಾಗಿ ನಕುಲನಿಗೆ ದಾಟಿಸಿದ್ದೇ ಇರಬೇಕು. ಆದರೂ ಕಾರು ಕಾರೇ. ಅಭಿ ಹಿಂದೆ ತೆಂಗಿನಕಾಯಿ ಚೀಲದ ಪಕ್ಕ ಮುದುರಿ ಕೂರುವಾಗ, ಚಿತ್ರಾ ಮುಂದೆ ಮೊಣಕೈ ಹೊರಗಿಟ್ಟು ಕಲೆಕ್ಟರ್ ಹಾಗೆ ಕೂರುತ್ತಿದ್ದಳು. ಆಗ ಅವನ ಹೊಟ್ಟೆಯಲ್ಲಿ ಏಳುತ್ತಿದ್ದ ಕಿಚ್ಚಿನಲ್ಲಿ ಇಡೀ ಸಂಪಾಜೆ ಊರಿಗೆ ಅನ್ನ ಬೇಯಿಸಬಹುದಿತ್ತು. ಉಳಿದ ಕೆಂಡದಲ್ಲಿ ಹಲಸಿನ ಬೀಜವನ್ನೂ ಸುಡಬಹುದಿತ್ತು.

ಬ್ಯಾಟರಿ ಹಾಳಾಗಿ ಹೊಸದು ಹಾಕಿಸಿದ ಮೇಲೆ ರೇಡಿಯೋ ಹಾಡುವುದನ್ನು ಬಿಟ್ಟು 'ಕೋಡ್' ಎಂದು ಕೇಳತೊಡಗಿತ್ತು. ಕಳ್ಳರು ಕದ್ದೊಯ್ದರೂ ಅವರ ಮುಂದೆ ಹಾಡಬಾರದೆಂದು ಮಾಡಿದ ಲಾಕ್ ಅದು. ನಾಲ್ಕು ಅಂಕಿ ಸರಿಯಾಗಿ ಒತ್ತಬೇಕು. ಮೂರು ಸಲ ತಪ್ಪಿದರೆ 'ವೇಟ್' ಎನ್ನುತ್ತದೆ. ಆಮೇಲೆ ಕೀ ಆನ್ ಇಟ್ಟುಕೊಂಡು ಒಂದು ಗಂಟೆ ಕಾಯಬೇಕು.

ಕೋಡ್ ಗೊತ್ತಿದ್ದದ್ದು ಕಾರಿನ ಹಳೇ ಓನರ್, ಭಾಗಮಂಡಲದ ಜಯಪ್ಪಜ್ಜನಿಗೆ. ಅಲ್ಲಿ ಜೋರು ಮಳೆ, ಅವರ ಫೋನ್ ಸಿಗುತ್ತಲೇ ಇರಲಿಲ್ಲ.

"ಲಾಕ್ ಯಾರು ತೆಗೀತಾರೋ, ಭಾನುವಾರ ಮಡಿಕೇರಿಗೆ ಹೋಗುವಾಗ ಮುಂದಿನ ಸೀಟು ಅವರಿಗೆ" ಎಂದಿದ್ದರು ಅಶೋಕ್ ಮಾವ.

ಶುಕ್ರವಾರ ಸಂಜೆ ಅಭಿ ಮಾವನ ಫೋನಿನಲ್ಲಿ ಗೇಮ್ ಆಡುತ್ತಿದ್ದಾಗ ಕಾಲ್ ಬಂತು.

"ಹಲೋ, ಅಶೋಕಾ? ನಾನು ಜಯಪ್ಪ."

"ಮಾವ ಹಟ್ಟಿಯಲ್ಲಿ ಹಾಲು ಕರೀತಾ ಇದ್ದಾರೆ ಅಜ್ಜ. ನಾನು ಅಭಿ."

"ಅವನ ಮೆಸೇಜ್ ಈಗಷ್ಟೇ ನೋಡಿದೆ. ಕೋಡ್ ಹೇಳ್ತೇನೆ, ನೆನಪಿಟ್ಕೋ. ಏಳು, ಎರಡು, ಸೊನ್ನೆ, ಒಂಬತ್ತು. ಮಾವಂಗೆ ಹೇಳು ಮಗಾ."

"ಹೇಳ್ತೇನೆ" ಎಂದ ಅಭಿ.

ಹೇಳಲಿಲ್ಲ.

ಶನಿವಾರ ಶಾಲೆಯಿಂದ ಬಂದವಳೇ ಚಿತ್ರಾ ಕಾರಿನೊಳಗೆ ಸೇರಿಕೊಂಡಳು. ತಾನು ಹುಟ್ಟಿದ ಇಸವಿ ಒತ್ತಿದಳು. ಅಪ್ಪ ಹುಟ್ಟಿದ ಇಸವಿ ಒತ್ತಿದಳು. ಕಾರಿನ ನಂಬರನ್ನೂ ಒತ್ತಿದಳು. ವೇಟ್! ಕಾದಳು, ಮತ್ತೆ ಒತ್ತಿದಳು. ವೇಟ್!

ಅಭಿ ಮೆಟ್ಟಿಲ ಮೇಲೆ ಕುಳಿತು ನೆಲಗಡಲೆ ತಿನ್ನುತ್ತ ನೋಡಿದ. ಅವನಿಗಾದ ಖುಷಿಯನ್ನು ಲಾರಿಗೆ ತುಂಬಿದ್ದರೆ ಟಯರ್ ಪಂಕ್ಚರ್ ಆಗುತ್ತಿತ್ತು.

"ಸೋತೆ ಅಂತ ಹೇಳು. ನಾಳೆ ನಾನು ಮಂತ್ರ ಹಾಕ್ತೇನೆ."

"ನಿನ್ನ ತಲೆ! ಹೋಗೋ ಆಚೆ" ಎಂದಳು ಚಿತ್ರಾ. ಅವಳ ಹೆಬ್ಬೆರಳು ಕೆಂಪಾಗಿತ್ತು.

ಭಾನುವಾರ ಬೆಳಿಗ್ಗೆ ಮಾವ ಕೀ ತಿರುಗಿಸಿದರೆ ಕಾರು ಕೆಮ್ಮಲೂ ಇಲ್ಲ. ಕಾದು ಕಾದು ಸುಸ್ತಾದ ಚಿತ್ರಾ ಕೀ ಆಫ್ ಮಾಡದೆ ಮಲಗಿಬಿಟ್ಟಿದ್ದಳು. ಬ್ಯಾಟರಿ ಪೂರ್ತಿ ಇಳಿದಿತ್ತು.

"ಹೊಸ ಬ್ಯಾಟರಿ! ಹಾಕಿ ಒಂದು ವಾರ ಆಗಿಲ್ಲ! ಇನ್ನು ಈ ಕಾರು ಮುಟ್ಟಿದ್ರೆ ನೋಡು!"

ಚಿತ್ರಾ ಕೆಂಪಾಗುವಷ್ಟು ಕಣ್ಣು ಉಜ್ಜಿಕೊಂಡಳು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಭಿ ಕೈಯಲ್ಲಿದ್ದ ದೋಸೆಯನ್ನು ಯಾಕೋ ತಿನ್ನದೆ ತಟ್ಟೆಗೆ ಮರಳಿಸಿದ.

ಅಂತೂ ಇಳಿಜಾರಿನಲ್ಲಿ ತಳ್ಳಿ ಕಾರು ಸ್ಟಾರ್ಟ್ ಮಾಡಿದ್ದಾಯಿತು. ರೇಡಿಯೋ ಮತ್ತೆ 'ಕೋಡ್' ಎಂದಿತು.

ಅಭಿ ಅಂಗಿಯ ತೋಳು ಮಡಚಿದ. "ಎಲ್ಲರೂ ಹಿಂದೆ ಸರೀರಿ! ಓಂ ಹ್ರೀಂ ಸ್ಪೀಕರ್ ಸ್ವಾಹಾ!"

ಏಳು, ಎರಡು, ಸೊನ್ನೆ, ಒಂಬತ್ತು. ಒಂದು ಕ್ಷಣ ಗೊರಗೊರ ಸದ್ದು. ಆಮೇಲೆ ಹಾಡು!

"ಅಯ್ಯೋ ಅಭಿ! ತೆಗೆದೇಬಿಟ್ಟೆಯಲ್ಲ!" ಚಿತ್ರಾ ಕುಣಿದಳು. ತಾನೇ ಮುಂದಿನ ಬಾಗಿಲು ತೆರೆದು, ಸೀಟಿನ ಮೇಲಿದ್ದ ಧೂಳನ್ನು ಕೈಯಿಂದ ಒರೆಸಿದಳು. "ಕೂತ್ಕೋ. ಇವತ್ತು ಇದು ನಿಂದು."

ಅಭಿ ಕುಳಿತ. ಬೆಲ್ಟ್ ಹಾಕಿಕೊಂಡ. ಚಿತ್ರಾ ಹಿಂದೆ ಹತ್ತಿದಳು. ಕಾರು ಗೇಟು ದಾಟುವಷ್ಟರಲ್ಲಿ ಮಾವನ ಫೋನ್ ಕೂಗಿತು. ಮಾವ ಕಾರು ನಿಲ್ಲಿಸಿ ಸ್ಪೀಕರ್ ಒತ್ತಿದರು.

"ಅಶೋಕಾ, ರೇಡಿಯೋ ಸರಿ ಆಯ್ತಾ? ಮೊನ್ನೆಯೇ ಹುಡುಗನ ಹತ್ರ ಕೋಡ್ ಹೇಳಿದ್ದೆ."

ಮಾವ ರೇಡಿಯೋ ಆಫ್ ಮಾಡಿದರು. "ಯಾವ ಹುಡುಗ?"

ಅಭಿಯ ನಾಲಿಗೆಯ ಮೇಲೆ ಸುಳ್ಳುಗಳು ಕ್ಯೂ ನಿಂತವು. ಫೋನ್ ಎತ್ತಿದ್ದು ಕೋತಿ. ಅಜ್ಜ ಹೇಳಿದ ಕೋಡ್ ಬೇರೆ ಕಾರಿನದು. ಎಲ್ಲಕ್ಕಿಂತ ದೊಡ್ಡದನ್ನು ಆರಿಸಿ ಬಾಯಿ ತೆರೆದ. ಅಷ್ಟರಲ್ಲಿ ಕನ್ನಡಿಯಲ್ಲಿ ಹಿಂದೆ ಕುಳಿತವಳ ಕಣ್ಣುಗಳು ಕಂಡವು. ಬೆಳಗಿನ ಕೆಂಪು ಇನ್ನೂ ಹೋಗಿರಲಿಲ್ಲ.

"ನಾನೇ" ಎಂದ ಅಭಿ. "ಶುಕ್ರವಾರವೇ ಹೇಳಿದ್ರು. ಮಂತ್ರ ಗಿಂತ್ರ ಎಂಥದೂ ಇಲ್ಲ."

"ಅಂದ್ರೆ ನಿನ್ನೆ ನಾನು ಒತ್ತುವಾಗ ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು."

ಅಲ್ಲಿಗೇ ನಿಲ್ಲಿಸಬಹುದಿತ್ತು. ಮುಂದಿನದನ್ನು ಯಾರೂ ಕೇಳಿರಲಿಲ್ಲ.

"ಬೆಳಿಗ್ಗೆ ಮಾವ ನಿಂಗೆ ಬೈಯುವಾಗಲೂ ಗೊತ್ತಿತ್ತು."

ಇಷ್ಟು ಚಿಕ್ಕ, ಬಣ್ಣ ಹಚ್ಚದ ಮಾತನ್ನು ಅಭಿ ಹುಟ್ಟಿದ ಮೇಲೆ ಆಡಿರಲಿಲ್ಲ. ಆಡಿದ ಮೇಲೆ, ಯಾರೂ ಹೇಳುವ ಮೊದಲೇ ಸೀಟ್ ಬೆಲ್ಟ್ ಬಿಚ್ಚತೊಡಗಿದ.