ಪರದೆಯ ಹಿಂದೆ ಎಷ್ಟು ಜನ?

"ಚೀಟಿ ಯಾರ ಹೆಸರಿಗೆ ಬರೀಲಿ?"

ಪುಟ್ಟಿ ತಲೆ ಎತ್ತದೆ ಕೇಳಿದಳು. ವಯಸ್ಸು ಇಪ್ಪತ್ತೊಂಬತ್ತಾದರೂ ಆ ಬೀದಿಗೆಲ್ಲ ಅವಳು ಪುಟ್ಟಿಯೇ, ಗಿಟಾರ್ ರಿಪೇರಿ ಪುಟ್ಟಿ. ಎಡಗೈಯಲ್ಲಿ ಚೀಟಿ, ಬಲಗೈಯಲ್ಲಿ ಹಳೇ ಗೋಂದು ಕೆರೆಯುವ ಬ್ಲೇಡು.

"ಮೂರನೇ ಕಿವಿ ಅಂತ ಬರೀರಿ. ಪತ್ರಿಕೆಯಲ್ಲಿ ಆ ಹೆಸರಲ್ಲೇ ಬರೆಯೋದು. ಸಂಗೀತದವರಿಗೆಲ್ಲ ಗೊತ್ತು."

ಬ್ಲೇಡು ಹಿಡಿದ ಕೈ ಅಲ್ಲೇ ನಿಂತಿತು.

ಹನ್ನೊಂದು ವರ್ಷದಿಂದ ಈ ಹೆಸರಿಗೆ ಅವಳು ಒಂದು ಮುಖ ಹುಡುಕುತ್ತಿದ್ದಳು. ದಪ್ಪ ಕನ್ನಡಕ, ಕೊಂಕು ತುಟಿ, ಸೊಕ್ಕಿನ ಮುದುಕ... ಹೀಗೆಲ್ಲ. ಎದುರಿಗೆ ನಿಂತವನಿಗೆ ಮೂವತ್ತೈದೂ ಆಗಿರಲಿಲ್ಲ. ಅಂಗಿ ತೋಳಿನ ಒಂದು ಗುಂಡಿ ಕಿತ್ತುಹೋಗಿತ್ತು. ಜ್ವರ ಬಂದ ಮಗುವನ್ನು ಎತ್ತಿಕೊಂಡು ಬಂದವನ ಹಾಗೆ ಗಿಟಾರನ್ನು ತಬ್ಬಿಕೊಂಡಿದ್ದ.

"ತಂತಿ ಕಟ್ಟೋ ಪಟ್ಟಿ ಎದ್ದು ಬಂದಿದೆ," ಅಂದ. "ಎಷ್ಟು ದಿನ ಆಗುತ್ತೆ?"

"ಗೋಂದು ಒಣಗಬೇಕು. ಅವಸರ ಇದ್ರೆ ಬೇರೆ ಅಂಗಡಿ ನೋಡ್ಕೊಳ್ಳಿ."

"ಅವಸರ ಏನಿಲ್ಲ."

*ಇರಬಾರದು. ನನಗೂ ಇಲ್ಲ.*

ಅವನು ಮೆಟ್ಟಿಲಿಳಿದು ಹೋದ ಮೇಲೂ ಅವಳು ಆ ಚೀಟಿಯನ್ನೇ ನೋಡುತ್ತ ನಿಂತಿದ್ದಳು.

ಯಾಕೆ ಅಂತ ಹೇಳಬೇಕಲ್ಲ. ಒಂದು ಕಾಲದಲ್ಲಿ ಅವಳಪ್ಪನನ್ನು ಎಲ್ಲರೂ ಉಗುರು ಮೇಷ್ಟ್ರು ಅಂತ ಕರೆಯುತ್ತಿದ್ದರು. ತಂತಿ ಮೀಟುವ ಕಡ್ಡಿ ಹಿಡಿಯದೆ ಬರೀ ಬೆರಳಲ್ಲಿ ಗಿಟಾರ್ ನುಡಿಸುವವರು, ಅಂದರೆ ಈ ಫಿಂಗರ್‌ಸ್ಟೈಲ್‌ನವರು, ಬಲಗೈ ಉಗುರನ್ನು ಮಕ್ಕಳ ಹಾಗೆ ಸಾಕುತ್ತಾರೆ. ಮೇಷ್ಟ್ರು ಬೆಳಗ್ಗೆ ಹಲ್ಲುಜ್ಜುವ ಮೊದಲೇ ನಯವಾದ ಮರಳು ಕಾಗದದಲ್ಲಿ ಉಗುರು ತೀಡಿಕೊಳ್ಳುತ್ತಿದ್ದರು. ಹೆಬ್ಬೆರಳಿಗೆ ಕೆಳಗಿನ ದಪ್ಪ ಸ್ವರ, ಉಳಿದ ಬೆರಳಿಗೆ ರಾಗ. ಕಣ್ಣು ಮುಚ್ಚಿ ಕೇಳಿದರೆ ಇಬ್ಬರು ಕೂತು ನುಡಿಸುತ್ತಿದ್ದಾರೆ ಅನ್ನಿಸಬೇಕು. ಅದಕ್ಕಾಗಿಯೇ ಇಪ್ಪತ್ತು ವರ್ಷ ತೇದಿದ್ದರು.

ಮೂರನೇ ಕಿವಿಗೆ ಹಾಗೇ ಅನ್ನಿಸಿತು. ಅಪ್ಪನ ಮೊದಲ ಧ್ವನಿಮುದ್ರಿಕೆ ಹೊರಬಂದ ವಾರ ಅವನು ಬರೆದ: 'ಇದು ಇಬ್ಬರ ವಾದನ. ಒಬ್ಬರ ಹೆಸರು ಹಾಕಿ ಕೇಳುಗರಿಗೆ ಮಾಡಿದ ಮೋಸ.'

ಅಷ್ಟೇ. ಎರಡು ಸಾಲು. ತಿಂಗಳೊಳಗೆ ಪಾಠಕ್ಕೆ ಮನೆಗೆ ಬರುತ್ತಿದ್ದ ಹುಡುಗರು ಬರುವುದನ್ನು ನಿಲ್ಲಿಸಿದರು. ಸಂಗೀತ ಶಾಲೆಯವರು 'ಸ್ವಲ್ಪ ದಿನ ಬರಬೇಡಿ ಮೇಷ್ಟ್ರೇ' ಅಂದರು. ಆ ಸ್ವಲ್ಪ ದಿನ ಮುಗಿಯಲೇ ಇಲ್ಲ. ಒಂದು ಮಧ್ಯಾಹ್ನ ಅಪ್ಪ ಅದೇ ಪತ್ರಿಕೆಯ ಹಾಳೆಯನ್ನು ನೆಲಕ್ಕೆ ಹಾಸಿ, ಅದರ ಮೇಲೆ ಕೂತು, ಬಲಗೈ ಉಗುರನ್ನೆಲ್ಲ ಒಂದೊಂದಾಗಿ ಕತ್ತರಿಸಿಕೊಂಡರು. ಹದಿನೆಂಟರ ಪುಟ್ಟಿ ಬಾಗಿಲಲ್ಲಿ ನಿಂತು ಆ ಟಕ್ ಟಕ್ ಸದ್ದು ಎಣಿಸಿದ್ದಳು.

ಅಲ್ಲಿಂದ ಈಚೆಗೆ ಈ ರಿಪೇರಿ ಅಂಗಡಿ. ಅಪ್ಪ ಗಿರಾಕಿಗಳ ಕಣ್ಣಿಗೆ ಬೀಳದೆ ಹಿತ್ತಲ ಶೆಡ್ಡಿನಲ್ಲಿ ಕೂತು ಬೇರೆಯವರ ಗಿಟಾರಿಗೆ ಮರ ಕೆತ್ತುತ್ತಾರೆ, ಶ್ರುತಿ ಮಾಡುತ್ತಾರೆ. ನುಡಿಸುವುದಿಲ್ಲ. ಅವರು ಕಲಿಸಿದ್ದು ಪುಟ್ಟಿಯ ಬೆರಳಲ್ಲಿ ಮಾತ್ರ ಉಳಿದಿದೆ.

"ಅಪ್ಪ, ಅವನು ಬಂದಿದ್ದ," ಅಂದಳು ಸಂಜೆ. "ತಂತಿ ಕೂರೋ ಕಚ್ಚನ್ನ ಸ್ವಲ್ಪ ಆಳ ಮಾಡಿಬಿಡ್ತೀನಿ. ಜೀವನ ಪೂರ್ತಿ ಗೊರಗೊರ ಅನ್ನಲಿ."

ಅಪ್ಪ ಉಳಿ ಮಸೆಯುವುದನ್ನು ನಿಲ್ಲಿಸಲಿಲ್ಲ. "ಚೆನ್ನಾಗಿ ಮಾಡಿಕೊಡು ಪುಟ್ಟಿ. ಗಿಟಾರ್ ಏನು ತಪ್ಪು ಮಾಡಿದೆ?"

ಸರಿ. ಗಿಟಾರಿಗೆ ಏನೂ ಮಾಡುವುದಿಲ್ಲ. ಅದನ್ನು ನುಡಿಸುವವನಿಗೆ ಮಾಡುತ್ತೇನೆ.

*

ದಾರಿ ತಾನಾಗಿಯೇ ಸಿಕ್ಕಿತು. ಪಕ್ಕದ ಡ್ರಮ್ ಅಂಗಡಿ ಮಾವ ಪ್ರತಿ ವರ್ಷ ಸಭಾಂಗಣದಲ್ಲಿ ಒಂದು ಚರ್ಚೆ ನಡೆಸುತ್ತಿದ್ದರು. ಈ ಸಲದ ವಿಷಯ: ಎಲ್ಲರಿಗಿಂತ ದೊಡ್ಡ ಫಿಂಗರ್‌ಸ್ಟೈಲ್ ವಾದಕ ಯಾರು? ಕೊನೆಯಲ್ಲಿ ಪರದೆ ಸುತ್ತು. ಪರದೆಯ ಹಿಂದೆ ಯಾರೋ ನುಡಿಸುತ್ತಾರೆ, ತೀರ್ಪುಗಾರರು ಬರೀ ಕಿವಿಯಿಂದ ಹೇಳಬೇಕು. ತೀರ್ಪುಗಾರ ಮೂರನೇ ಕಿವಿ.

"ಮಾವ, ಪರದೆ ಹಿಂದೆ ನಾನು ಕೂರ್ತೀನಿ. ನೀವು ಅವನಿಗೆ ಒಂದೇ ಒಂದು ಪ್ರಶ್ನೆ ಕೇಳಬೇಕು. ಎಷ್ಟು ಜನ ಇದ್ದಾರೆ ಅಂತ."

ಡ್ರಮ್ ಮಾವ ಅವಳನ್ನೇ ನೋಡಿದರು. "ಇಬ್ಬರು ಅಂದ್ರೆ?"

"ಪರದೆ ಎಳೀರಿ. ಉಳಿದದ್ದು ನಾನು ನೋಡ್ಕೊಳ್ತೀನಿ."

ಅಲ್ಲಿಯ ತನಕ ಅವನು ಕೈ ತಪ್ಪಿ ಹೋಗಬಾರದು. ಹಾಗಾಗಿ ಪ್ರತಿ ಸಲ ಬಂದಾಗಲೂ ಗೋಂದು ಒಣಗಿರಲಿಲ್ಲ. ಅವನೂ ಬೇಸರ ಮಾಡಿಕೊಳ್ಳದೆ ಮೂಲೆಯ ಸ್ಟೂಲ್ ಮೇಲೆ ಕೂರುತ್ತಿದ್ದ. ಅಂಗಡಿಗೆ ದಿನಾ ಹರಟೆಗೆ ಬರುವ ನಿವೃತ್ತ ಟೈಪಿಸ್ಟ್‌ಗೂ ಡ್ರಮ್ ಮಾವನಿಗೂ ಆಗಲೇ ಜಗಳ ಹತ್ತಿಕೊಂಡಿರುತ್ತಿತ್ತು.

"ಹಡಗಿನಲ್ಲಿ ಗಿಟಾರ್ ನುಡಿಸ್ತಿದ್ದ ಒಬ್ಬ ಇದ್ದನಲ್ಲ, ಅವನೇ ದೊಡ್ಡವನು. ಏನು ವೇಗ," ಅಂದರು ಡ್ರಮ್ ಮಾವ.

"ವೇಗ ನೋಡೋದಾದ್ರೆ ನಾನೂ ನಲವತ್ತು ವರ್ಷ ಹತ್ತು ಬೆರಳಲ್ಲಿ ದುಡಿದಿದೀನಿ. ನನ್ನ ಹೆಸರು ಯಾವ ಪಟ್ಟಿಯಲ್ಲಿದೆ?"

"ನೀವು ಹೊಡೆದಿದ್ದು ಸರ್ಕಾರಿ ಸುತ್ತೋಲೆ ಕಣ್ರೀ."

"ಕಿವಿಯವರೇ, ನೀವು ಹೇಳಿ. ಯಾರು?"

ಅವನು ಕೈ ನೋಡಿಕೊಂಡ. "ಅದನ್ನ ಹೇಳೋ ಯೋಗ್ಯತೆ ನಾನು ಕಳ್ಕೊಂಡು ತುಂಬಾ ದಿನ ಆಯ್ತು."

*ನಾಟಕ,* ಅಂದುಕೊಂಡಳು ಪುಟ್ಟಿ.

ಆದರೆ ತಂತಿ ಸುತ್ತುವಾಗ ಇನ್ನೊಂದು ತುದಿ ಹಿಡಿಯಲು ಕೇಳದೆಯೇ ಬರುತ್ತಿದ್ದ. ಒಮ್ಮೆ ತಂತಿ ಜಾರಿ ಬೆರಳಿಗೆ ಬೆರಳು ತಾಗಿತು. ಎದೆ ದಡಬಡ ಅಂದಿತು. ದ್ವೇಷಕ್ಕೆ. ದ್ವೇಷಕ್ಕೇ ಇರಬೇಕು... ಇನ್ಯಾವುದಕ್ಕೆ?

ಚರ್ಚೆಗೆ ಮೂರು ದಿನ ಇರುವಾಗ ಅವಳು ಒಳಕೋಣೆಯಲ್ಲಿ ಯಾರದ್ದೋ ರಿಪೇರಿ ಗಿಟಾರನ್ನು ಪರೀಕ್ಷೆ ಮಾಡುತ್ತ, ಕೈಗೆ ಬಂದ ಹಾಗೆ ಏನೋ ನುಡಿಸುತ್ತಿದ್ದಳು. ಹೊರಬಂದಾಗ ಅವನು ನಿಂತಿದ್ದ. ಮುಖ ಬಿಳಿಚಿಕೊಂಡಿತ್ತು.

"ನಿಮ್ಮ ಹೆಬ್ಬೆರಳು... ಉಳಿದ ಬೆರಳಿಗಿಂತ ಕೂದಲೆಳೆಯಷ್ಟು ಮುಂಚೆ ಬೀಳುತ್ತೆ."

"ಹೌದು. ಏನೀಗ?"

"ಯಾರು ಕಲಿಸಿದ್ದು?"

"ಒಬ್ಬ ಮೋಸಗಾರ," ಅಂದಳು.

ಅವನು ಏನೋ ಹೇಳಲು ಬಾಯಿ ತೆರೆದ. ಅವಳು ಬಾಗಿಲು ತೋರಿಸಿದಳು. "ಗೋಂದು ಒಣಗಿಲ್ಲ. ಆಮೇಲೆ ಬನ್ನಿ."

*

ಭಾನುವಾರ ಬೆಳಗ್ಗೆ ಹನ್ನೊಂದಕ್ಕೆ ಸಭಾಂಗಣ ತುಂಬಿತ್ತು. ಒಂದು ಗಂಟೆ ಕೂಗಾಡಿದರೂ ದೊಡ್ಡವರು ಯಾರು ಅಂತ ತೀರ್ಮಾನ ಆಗಲಿಲ್ಲ. ಆಮೇಲೆ ದೀಪ ತಗ್ಗಿತು.

ಪರದೆಯ ಹಿಂದೆ ಪುಟ್ಟಿ ಒಬ್ಬಳೇ. ತೊಡೆಯ ಮೇಲೆ ಅಪ್ಪನ ಹಳೆಯ ಗಿಟಾರ್, ಮಂಚದಡಿಯಿಂದ ಹೇಳದೆ ಎತ್ತಿಕೊಂಡು ಬಂದದ್ದು. ಜೇಬಿನಲ್ಲಿ ಆ ಪತ್ರಿಕೆಯ ತುಂಡು.

ಅಪ್ಪನ ಧ್ವನಿಮುದ್ರಿಕೆಯ ಮೊದಲ ತುಣುಕನ್ನೇ ಎತ್ತಿಕೊಂಡಳು. ಹೆಬ್ಬೆರಳು ಮೆಟ್ಟಿಲು ಇಳಿಯುತ್ತ ಹೋಯಿತು, ಉಳಿದ ಬೆರಳುಗಳು ಮೆಟ್ಟಿಲು ಹತ್ತುತ್ತ ಹೋದವು. ಹನ್ನೊಂದು ವರ್ಷದ ಕೋಪವೆಲ್ಲ ಬೆರಳ ತುದಿಗೆ ಬಂದು ಕೂತಿತ್ತು. ಒಂದೂ ತಪ್ಪಲಿಲ್ಲ.

"ಕಿವಿಯವರೇ," ಡ್ರಮ್ ಮಾವನ ದನಿ. "ಪರದೆಯ ಹಿಂದೆ ಎಷ್ಟು ಜನ?"

"ಇಬ್ಬರು," ಅಂದ ಅವನು.

ಪರದೆ ಸರಿಯಿತು. ಒಬ್ಬ ಹೆಂಗಸು, ಒಂದು ಗಿಟಾರ್, ಒಂದು ಕುರ್ಚಿ.

ಅವಳು ಎದ್ದು ನಿಂತು ಪತ್ರಿಕೆಯ ತುಂಡನ್ನು ಗಟ್ಟಿಯಾಗಿ ಓದಿದಳು. "ಇದನ್ನ ಬರೆದವರು ಇವರೇ. ಇದರಿಂದ ನುಡಿಸೋದು ಬಿಟ್ಟವರು ನನ್ನಪ್ಪ. ಇವರ ಕಿವಿ ಎಂಥದ್ದು ಅಂತ ಈಗ ನೀವೇ ನೋಡಿದ್ರಿ."

ಸಭೆ ನಕ್ಕಿತು. ಯಾರೋ ಹಿಂದಿನಿಂದ "ಮೂರನೇದಲ್ಲ, ಮೊದಲನೇ ಕಿವಿನೂ ಇಲ್ಲ" ಅಂದರು. ಮತ್ತೆ ನಗು.

ಈ ಗಳಿಗೆಗೆ ಹನ್ನೊಂದು ವರ್ಷ ಕಾದಿದ್ದಳು. ಅವನ ಮುಖ ಹೇಗೆ ಬಾಡುತ್ತದೆ ಅಂತ ನೋಡಲು ತಿರುಗಿದಳು.

ಬಾಡಿರಲಿಲ್ಲ. ಆಶ್ಚರ್ಯ ಕೂಡ ಇರಲಿಲ್ಲ. ಬೈಗುಳಕ್ಕೆ ಸಾಲಿನಲ್ಲಿ ನಿಂತು ಕೊನೆಗೂ ಸರದಿ ಬಂದವನ ಹಾಗೆ ಸುಮ್ಮನೆ ನಿಂತಿದ್ದ.

ಕೂದಲೆಳೆಯಷ್ಟು ಮುಂಚೆ...

*ಇವನಿಗೆ ಗೊತ್ತಿತ್ತು.*

*

ಸಭಾಂಗಣದ ಪಕ್ಕದ ಓಣಿಯಲ್ಲಿ, ಮಡಚಿಟ್ಟ ಕುರ್ಚಿಗಳ ರಾಶಿಯ ಹತ್ತಿರ ಅವನನ್ನು ಹಿಡಿದಳು.

"ನಾನೇ ಅಂತ ಗೊತ್ತಿದ್ದೂ ಇಬ್ಬರು ಅಂದ್ರಿ."

ಅವನು ಜಾರುತ್ತಿದ್ದ ಒಂದು ಕುರ್ಚಿಯನ್ನು ರಾಶಿಯೊಳಗೆ ತಳ್ಳಿದ.

"ನನ್ನ ಸೇಡನ್ನೂ ನೀವೇ ಭಿಕ್ಷೆ ಹಾಕ್ತೀರಾ? ಅಷ್ಟು ದೊಡ್ಡ ಮನುಷ್ಯರಾ ನೀವು?"

"ನಿಮಗೆ ಅದು ಬೇಕಿತ್ತು. ನನ್ನ ಹತ್ರ ಕೊಡೋಕೆ ಬೇರೆ ಏನೂ ಇರಲಿಲ್ಲ."

"ನಿಜ ಇರಲಿಲ್ವಾ?"

ಅವನು ಗೋಡೆಗೆ ಒರಗಿದ. "ನಿಜ ಇನ್ನೂ ಕೆಟ್ಟದ್ದು. ಕೇಳ್ತೀರಾ? ಬರೆದಾಗ ನನಗೆ ಇಪ್ಪತ್ಮೂರು. ನಿಜವಾಗ್ಲೂ ಇಬ್ಬರೇ ಅಂದ್ಕೊಂಡಿದ್ದೆ. ಒಂದು ತಿಂಗಳಾದ ಮೇಲೆ ಅದನ್ನ ಅರ್ಧ ವೇಗಕ್ಕೆ ಇಟ್ಟು ಕೇಳಿದೆ. ಹೆಬ್ಬೆರಳು ಪ್ರತಿ ಸಲ ಕೂದಲೆಳೆಯಷ್ಟು ಮುಂಚೆ. ಇಬ್ಬರು ಮನುಷ್ಯರು ಕೂತ್ಕೊಂಡು ಅಷ್ಟು ಒಂದೇ ಸಮ ಮುಂಚೆ ಬೀಳೋಕೆ ಆಗಲ್ಲ. ಒಂದೇ ಕೈ ಅದು."

"ಒಂದು ತಿಂಗಳು," ಅಂದಳು. "ಒಂದು ತಿಂಗಳಿಗೇ ಗೊತ್ತಿತ್ತು."

"ಆ ಎರಡು ಸಾಲಿನಿಂದಲೇ ನನಗೆ ಹೆಸರು ಬಂದಿತ್ತು. ತಿದ್ದಿ ಬರೆಯೋಕೆ ಕೂತೆ. ಕೈ ಬರಲಿಲ್ಲ. ಮುಂದಿನ ವಾರ ಬರೀತೀನಿ ಅಂದ್ಕೊಂಡೆ. ಆ ವಾರ ಇನ್ನೂ ಬಂದಿಲ್ಲ."

ಕೆನ್ನೆಗೆ ಒಂದು ಬಾರಿಸಬೇಕು ಅನ್ನಿಸಿತು. ಅಳಬೇಕು ಅನ್ನಿಸಿತು. ಎರಡಕ್ಕಿಂತ ಹೆಚ್ಚಾಗಿ ಇನ್ನೊಂದು ಹೊಳೆಯಿತು. ಒಳಗೆ ಅಷ್ಟು ಜನ ನಗುತ್ತಿದ್ದರಲ್ಲ, ಎಲ್ಲರೂ ಇವನ ಕಿವಿಯನ್ನು ನೋಡಿ ನಗುತ್ತಿದ್ದರು. ಅಪ್ಪನ ಬಗ್ಗೆ ಒಬ್ಬರೂ ಒಂದು ಮಾತು ಆಡಿರಲಿಲ್ಲ.

"ನಡೀರಿ," ಅಂದಳು, ಗುಂಡಿ ಇಲ್ಲದ ತೋಳನ್ನು ಹಿಡಿದು. "ನಿಮ್ಮ ಮಾನ ಹೋದ್ರೆ ನಮ್ಮಪ್ಪನಿಗೆ ಏನು ಬಂತು? ಈಗ ನನಗೆ ಹೇಳಿದ್ದನ್ನ ಮೈಕಲ್ಲಿ ಹೇಳಿ. ಆ ತಿಂಗಳನ್ನೂ ಸೇರಿಸಿ."

ಅವನು ಹೇಳಿದ. ಬಿಸ್ಕತ್ತು ಹಿಡಿದುಕೊಂಡು ಏಳುತ್ತಿದ್ದವರೆಲ್ಲ ಮತ್ತೆ ಕೂತರು. ಈ ಸಲ ಯಾರೂ ನಗಲಿಲ್ಲ. ಕೊನೆಗೆ ಅವನು, "ದೊಡ್ಡವರು ಯಾರು ಅಂತ ನೀವೆಲ್ಲ ಬೆಳಗ್ಗೆಯಿಂದ ಕೇಳ್ತಿದೀರಿ. ನಾನು ಬಾಯಿ ಮುಚ್ಚಿಸಿದವರು," ಅಂದು ಮೈಕ್ ಕೆಳಗಿಟ್ಟ.

ಟೈಪಿಸ್ಟ್ ಕನ್ನಡಕ ತೆಗೆದು ಒರೆಸಿಕೊಂಡರು. "ಇದನ್ನ ನಾನು ಮೂರು ಪ್ರತಿ ಟೈಪ್ ಮಾಡಿಕೊಡ್ತೀನಿ," ಅಂದರು ಯಾರಿಗೋ.

*

ಅಂಗಡಿಯಲ್ಲಿ ಅಪ್ಪ ಒಬ್ಬರೇ ಕೂತಿದ್ದರು. ಮಗಳ ಹೆಗಲಲ್ಲಿ ತಮ್ಮ ಗಿಟಾರ್ ನೋಡಿದರು. ಹಿಂದೆ ನಿಂತವನನ್ನು ನೋಡಿದರು. ಯಾರು ಅಂತ ಕೇಳಲಿಲ್ಲ.

"ಮೇಷ್ಟ್ರೇ," ಅಂದ ಅವನು. "ಒಬ್ಬರೇ. ನೀವು ಒಬ್ಬರೇ ನುಡಿಸಿದ್ದು. ನನಗೆ ಆವಾಗಲೇ ಗೊತ್ತಾಗಿತ್ತು. ಇವತ್ತು ಎಲ್ಲರ ಮುಂದೆ ಹೇಳಿ ಬಂದೆ. ಬರೆದೂ ಕೊಡ್ತೀನಿ."

ಅಪ್ಪ ಕೈಯಲ್ಲಿದ್ದ ಉಳಿಯನ್ನು ಕೆಳಗಿಟ್ಟರು.

"ಎಲ್ಲಿ ಅನ್ನಿಸ್ತು ನಿನಗೆ, ಇಬ್ಬರು ಅಂತ?"

"ಮೂರನೇ ನಿಮಿಷದಲ್ಲಿ. ಕೆಳಗಿನ ಸ್ವರ ಇಳೀತಾ ಹೋಗುತ್ತೆ, ರಾಗ ಮೇಲೆ ಹತ್ತುತ್ತೆ..."

"ಅಲ್ಲಿ," ಅಂದರು ಅಪ್ಪ. "ಅದೊಂದೇ ಜಾಗಕ್ಕೆ ನಾಲ್ಕು ವರ್ಷ ಹಿಡೀತು ಕಣಯ್ಯಾ. ನಿನ್ನ ಕಿವಿ ಸರಿಯಾಗೇ ಇತ್ತು. ಒಬ್ಬ ಮನುಷ್ಯನಿಂದ ಆಗುತ್ತೆ ಅಂತ ನಂಬೋಕೆ ನಿನ್ನ ಕೈಲಿ ಆಗಲಿಲ್ಲ. ಅಷ್ಟೇ."

ಗಿಟಾರಿಗೆ ಕೈ ಚಾಚಿದರು. ಆಗ ನೋಡಿದಳು ಪುಟ್ಟಿ. ಬಲಗೈ ಉಗುರುಗಳು ಬೆಳೆದಿದ್ದವು... ಹೆಚ್ಚಿಲ್ಲ, ಒಂದು ಅಕ್ಕಿ ಕಾಳಿನಷ್ಟು. ತುದಿಯನ್ನು ನಯವಾಗಿ ತೀಡಿದ್ದರು.

"ಯಾವಾಗಿಂದ ಅಪ್ಪ?"

"ಅವನ ಗಿಟಾರ್ ಬಂದ ದಿನದಿಂದ," ಅಂದರು ಅಪ್ಪ, ಮಗಳ ಮುಖ ನೋಡದೆ. "ಎಂದಾದ್ರೂ ಒಂದು ದಿನ ಅವನ ಎದುರಿಗೆ ಕೂತು ನುಡಿಸಿ ತೋರಿಸಬೇಕು ಅಂತ. ಸಿಟ್ಟು ನಿನಗೊಬ್ಬಳಿಗೇ ಇದೆ ಅಂದ್ಕೊಂಡ್ಯಾ?"

ಹೆಬ್ಬೆರಳು ತಂತಿಗೆ ಬಿತ್ತು. ಬೆರಳು ಗಡುಸಾಗಿತ್ತು, ಎರಡು ಕಡೆ ಎಡವಿತು. ಆದರೂ ಕೂದಲೆಳೆಯಷ್ಟು ಮುಂಚೆಯೇ ಬಿತ್ತು.

ಪುಟ್ಟಿ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಅತ್ತಳು. ಸ್ವಲ್ಪ ಹೊತ್ತಿಗೆ ಅವನೂ ಬಂದು ಎರಡು ಮೆಟ್ಟಿಲು ಕೆಳಗೆ ಕೂತ.

"ನಾನಿನ್ನೂ ಕ್ಷಮಿಸಿಲ್ಲ," ಅಂದಳು, ಮೂಗು ಒರೆಸಿಕೊಳ್ಳುತ್ತ.

"ಗೊತ್ತು."

"ಬೇಗ ಕ್ಷಮಿಸೋ ಯೋಚನೆನೂ ಇಲ್ಲ."

"ಸರಿ."

"ಎಲ್ಲದಕ್ಕೂ ಸರಿ ಅನ್ನಬೇಡಿ, ಕೋಪ ಬರುತ್ತೆ."

ಅವನು ತೋಳಿನ ಸಡಿಲ ದಾರವನ್ನು ಎಳೆದ. "ನೀವು ನನ್ನನ್ನ ದ್ವೇಷ ಮಾಡ್ತಿದ್ದಾಗಲೇ ನಾನು ಈ ಅಂಗಡಿಗೆ ಬರೋಕೆ ನೆಪ ಹುಡುಕ್ತಿದ್ದೆ. ಈಗಲೂ ಹುಡುಕ್ತಿದೀನಿ. ಅದೊಂದು ಹೇಳಬೇಕಿತ್ತು."

ಒಳಗಿನಿಂದ ಅಪ್ಪ ಅದೇ ಮೂರನೇ ನಿಮಿಷವನ್ನು ಮತ್ತೆ ಮೊದಲಿನಿಂದ ಶುರು ಮಾಡಿದರು. ಪುಟ್ಟಿ ಅದು ಮುಗಿಯುವ ತನಕ ಕೇಳಿದಳು. ಆಮೇಲೆ ಒಂದು ಮೆಟ್ಟಿಲು ಕೆಳಗೆ ಜರುಗಿ ಕೂತಳು.

"ನನ್ನ ಗಿಟಾರ್..." ಅಂದ ಅವನು ಮೆಲ್ಲಗೆ. "ಗೋಂದು ಒಣಗಿತಾ?"

ಒಣಗಿ ಮೂರು ವಾರವಾಗಿತ್ತು.

"ಇಲ್ಲ," ಅಂದಳು. "ಅವಸರ ಇದೆಯಾ?"

"ಇಲ್ಲ."

"ಹಾಗಾದ್ರೆ ನಾಳೆ ಬಂದು ನೋಡ್ಕೊಂಡು ಹೋಗಿ. ಬರ್ತಾ ಆ ತೋಳಿಗೊಂದು ಗುಂಡಿ ತನ್ನಿ."